ದಾವಣಗೆರೆ–ಚಿತ್ರದುರ್ಗದಲ್ಲಿದ್ದುಕೊಂಡೇ ಸಿಹಿನೀರು ಮತ್ತು ಮೀನಿನ ಜೀವಶಾಸ್ತ್ರ ಓದುವುದು ಹೇಗೆ: ಪದವಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಈ ಬರಹ ಎರಡು ಥರದ ಓದುಗರಿಗೆ. ಪಿಯುಸಿ ಸೈನ್ಸ್ ಮುಗಿಸಿ ಮೀನು, ಕೆರೆ, ನದಿ ಇವನ್ನೇ ಓದಬೇಕು ಅಂತ ಆಸೆ ಇಟ್ಟುಕೊಂಡವರು ಒಂದು ಕಡೆ. ಈಗಾಗಲೇ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಬಿಎಸ್ಸಿ ಪ್ರಾಣಿಶಾಸ್ತ್ರಕ್ಕೆ ಸೇರಿ, ಸಿಲಬಸ್‌ನಲ್ಲಿ ಮೀನುಗಾರಿಕೆ ಅಂತ ಒಂದು ಅಧ್ಯಾಯ ನೋಡಿ, ಇದನ್ನ ಇನ್ನೂ ಆಳವಾಗಿ ಕಲಿಯಬೇಕಲ್ಲ ಅಂತ ಯೋಚಿಸುತ್ತಿರುವವರು ಇನ್ನೊಂದು ಕಡೆ. ಸಮುದ್ರವೇ ಇಲ್ಲದ ಊರಲ್ಲಿ ಮೀನು ಓದುವುದೇನು ಅಂತ ಕೇಳುವವರು ಇರುತ್ತಾರೆ. ಕೇಳಲಿ ಬಿಡಿ. ಸೂಳೆಕೆರೆ, ವಾಣಿವಿಲಾಸ ಸಾಗರ, ತುಂಗಭದ್ರಾ, ವೇದಾವತಿ, ಭದ್ರಾ ನಾಲೆ, ಇವುಗಳ ಜೊತೆಗೆ ಊರಿಗೊಂದು ಕೆರೆ ಇರುವ ಸೀಮೆ ನಮ್ಮದು. ಸಿಹಿನೀರಿನ ಬಗ್ಗೆ ಕಲಿಯಲು ಬೇರೆ ಜಾಗ ಹುಡುಕಿಕೊಂಡು ಹೋಗಬೇಕಾಗಿಲ್ಲ.

ನಾನು ಹೇಳುವುದು ಮುಖ್ಯವಾಗಿ ಒಂದೇ ವಿಷಯ. ಒಂದು ಕೆರೆ ಹಿಡಿಯಿರಿ, ಪೂರ್ತಿ ಒಂದು ವರ್ಷ ಅದನ್ನು ಬಿಡಬೇಡಿ. ಡಿಗ್ರಿ ಯಾವುದೇ ಇರಲಿ, ಒಂದೇ ನೀರನ್ನು ಬೇಸಿಗೆಯಲ್ಲಿ, ಮಳೆಗಾಲದಲ್ಲಿ, ಚಳಿಗಾಲದಲ್ಲಿ ಅಳೆದು ಬರೆದಿಟ್ಟ ವಿದ್ಯಾರ್ಥಿಗೆ ಬರುವ ತಿಳಿವಳಿಕೆ ಬರೀ ನೋಟ್ಸ್ ಓದಿದವರಿಗೆ ಬರುವುದಿಲ್ಲ.

ಮೊದಲು, ಯಾವ ಡಿಗ್ರಿ ಅಂತ ತೀರ್ಮಾನ ಮಾಡಿ

ದಾರಿ ಎರಡಿವೆ. ಎರಡೂ ಒಂದೇ ಕಡೆ ಹೋಗುವುದಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ.

ಒಂದು ಬಿಎಫ್‌ಎಸ್ಸಿ, ಅಂದರೆ ಮೀನುಗಾರಿಕಾ ವಿಜ್ಞಾನದ ನಾಲ್ಕು ವರ್ಷದ ಪದವಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದದ್ದು ಮಂಗಳೂರಿನ ಮೀನುಗಾರಿಕಾ ಕಾಲೇಜು. 1969ರಲ್ಲಿ ಶುರುವಾಯಿತು, ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದೇ. ಈಗ ಬೀದರ್‌ನಲ್ಲಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಸೀಟು ಸಿಗುವುದು ಸಿಇಟಿ ಮೂಲಕ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಹೊನ್ನಾಳಿ, ಚನ್ನಗಿರಿ, ಹೊಸದುರ್ಗ, ಚಳ್ಳಕೆರೆ ಕಡೆಯ ಹಳ್ಳಿ ಮಕ್ಕಳು ಇದನ್ನು ಗಮನದಲ್ಲಿ ಇಟ್ಟುಕೊಳ್ಳಲೇಬೇಕು. ಭೂಮಿ ಮನೆಯವರ ಹೆಸರಲ್ಲಿದ್ದರೂ ಸರಿಯಾದ ಸಮಯಕ್ಕೆ ದಾಖಲೆ ಹೊಂದಿಸಿಕೊಳ್ಳದೆ ಈ ಕೋಟಾ ಕೈತಪ್ಪಿಸಿಕೊಳ್ಳುವವರು ಇದ್ದಾರೆ. ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಪಾಲಿನ ಸೀಟುಗಳಿಗೆ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು, ಅದರಲ್ಲಿ ಬೇರೆ ರಾಜ್ಯದ ಕಾಲೇಜುಗಳೂ ಸಿಗುತ್ತವೆ.

ಬಿಎಫ್‌ಎಸ್ಸಿಯಲ್ಲಿ ಬರೀ ಜೀವಶಾಸ್ತ್ರ ಇರುವುದಿಲ್ಲ. ಮೀನು ಸಾಕಣೆ, ಮೀನಿನ ರೋಗ, ಆಹಾರ ತಯಾರಿಕೆ, ಸಂಸ್ಕರಣೆ, ದೋಣಿ ಮತ್ತು ಬಲೆ, ಅರ್ಥಶಾಸ್ತ್ರ, ವಿಸ್ತರಣೆ ಎಲ್ಲ ಬರುತ್ತದೆ. ಕೊನೆಯ ವರ್ಷ ಮೀನುಗಾರರ ಜೊತೆ, ಫಾರ್ಮ್‌ಗಳಲ್ಲಿ ಕೆಲಸ ಮಾಡುತ್ತಾ ಕಲಿಯಬೇಕು.

ಇನ್ನೊಂದು ದಾರಿ ಬಿಎಸ್ಸಿ ಪ್ರಾಣಿಶಾಸ್ತ್ರ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಆಯಿತು, ಎರಡೂ ಜಿಲ್ಲೆಯ ಡಿಗ್ರಿ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿವೆ. ರಾಜ್ಯ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಮನೆಯಿಂದ ಬಸ್ಸಿನಲ್ಲಿ ಓಡಾಡಿಕೊಂಡು ಓದಬಹುದು, ಖರ್ಚು ಕಡಿಮೆ.

ವ್ಯತ್ಯಾಸ ಇರುವುದು ಮುಂದೆ. ಮೀನುಗಾರಿಕಾ ವಿಜ್ಞಾನದ ಸ್ನಾತಕೋತ್ತರ ಪದವಿಗೆ, ಅಂದರೆ ಎಂಎಫ್‌ಎಸ್ಸಿಗೆ, ಬಿಎಫ್‌ಎಸ್ಸಿಯೇ ಬೇಕು. ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರ ಹುದ್ದೆಗೂ ಹಾಗೆಯೇ. ಬಿಎಸ್ಸಿ ಮಾಡಿದವರಿಗೆ ಎಂಎಸ್ಸಿ ಪ್ರಾಣಿಶಾಸ್ತ್ರ, ಜಲಜೀವಶಾಸ್ತ್ರ, ಪರಿಸರ ವಿಜ್ಞಾನ, ಸಂಶೋಧನೆ, ಪಾಠ ಹೇಳುವ ಕೆಲಸ ತೆರೆದಿರುತ್ತದೆ. ಇಲಾಖೆ ಕೆಲಸ, ಮೀನು ಸಾಕಣೆ ಉದ್ಯಮ ಬೇಕು ಅನ್ನುವವರು, ಊರು ಬಿಡಲು ತಯಾರಿರುವವರು ಬಿಎಫ್‌ಎಸ್ಸಿಗೇ ಪ್ರಯತ್ನ ಮಾಡಿ. ಕೆರೆ-ನದಿಯ ಜೀವಲೋಕ ಅರ್ಥ ಮಾಡಿಕೊಳ್ಳುವುದೇ ಮುಖ್ಯ ಅನ್ನುವವರಿಗೆ, ಇಲ್ಲಾ ಮನೆ ಪರಿಸ್ಥಿತಿಯಿಂದ ಇಲ್ಲೇ ಇರಬೇಕಾದವರಿಗೆ, ಬಿಎಸ್ಸಿ ಕಡಿಮೆ ದರ್ಜೆಯ ದಾರಿ ಅಲ್ಲ. ಮುಂದೆ ಹೇಳುವ ಕೆಲಸ ಎರಡೂ ಥರದವರಿಗೆ ಹೊಂದುತ್ತದೆ, ಆದರೆ ಬಿಎಸ್ಸಿಯವರನ್ನು ಹೆಚ್ಚು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಅವರಿಗೆ ಕಾಲೇಜಿನಲ್ಲಿ ಹೊಂಡ, ಹ್ಯಾಚರಿ (ಮೀನುಮರಿ ಹುಟ್ಟಿಸುವ ಕೇಂದ್ರ) ಇರುವುದಿಲ್ಲ, ತಾವೇ ಹೊರಗೆ ಹೋಗಿ ಕಲಿಯಬೇಕು.

ಕಾಂಬಿನೇಶನ್ ಆರಿಸುವಾಗ ಕೆಮಿಸ್ಟ್ರಿ ಬಿಡಬೇಡಿ. ನೀರಿನ ಅಧ್ಯಯನದಲ್ಲಿ ಅರ್ಧ ಕೆಲಸ ರಸಾಯನಶಾಸ್ತ್ರದ್ದೇ. ಸರಾಸರಿ, ವ್ಯತ್ಯಯ, ಸಹಸಂಬಂಧ, ಗ್ರಾಫ್ ಇಷ್ಟು ಲೆಕ್ಕ ಕಲಿತರೆ ಸದ್ಯಕ್ಕೆ ಸಾಕು.

ಕೆರೆ ಆರಿಸುವುದು

ಎಲ್ಲರಿಗೂ ಮೊದಲು ಮನಸ್ಸಿಗೆ ಬರುವುದು ಸೂಳೆಕೆರೆ, ಅಂದರೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ. ಹರಿದ್ರಾ ಹಳ್ಳ ಈ ಕೆರೆಯಿಂದ ಹೊರಟು ಹರಿಹರದ ಹತ್ತಿರ ತುಂಗಭದ್ರೆ ಸೇರುತ್ತದೆ, ಭದ್ರಾ ನಾಲೆಯ ನೀರೂ ಕೆರೆಗೆ ಬರುತ್ತದೆ. ಅಂದರೆ ನಾಲೆಯ ಜೊತೆ ಹೊಳೆಯ ಮೀನು ಒಳಗೆ ಬರಲು ದಾರಿ ಇದೆ. ಓದಲು ಬಹಳ ರುಚಿಕಟ್ಟಾದ ಕೆರೆ. ಆದರೆ ಒಬ್ಬ ಪದವಿ ವಿದ್ಯಾರ್ಥಿಗೆ ಅದು ತೀರಾ ದೊಡ್ಡದು. ಒಂದು ದಡದಲ್ಲಿ ತೆಗೆದ ನೀರು ಇನ್ನೊಂದು ದಡದ ಕಥೆ ಹೇಳುವುದಿಲ್ಲ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವೂ ಹಾಗೆ. ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ 130 ಅಡಿ ತುಂಬಿ ಕೋಡಿ ಬಿದ್ದಿತ್ತು, ಆಮೇಲೆ ತುಂಬಿದ್ದು 2022ರಲ್ಲಿ, 89 ವರ್ಷದ ನಂತರ. ಇದನ್ನು ಬರೀ ಸಂಭ್ರಮದ ಸುದ್ದಿಯಾಗಿ ನೋಡಬೇಡಿ. ಎಷ್ಟೋ ವರ್ಷ ಒಣಗಿದ್ದ ಅಂಚಿನ ನೆಲ, ಅದರ ಮೇಲೆ ಬೆಳೆದ ಜಾಲಿ, ಹುಲ್ಲು, ಸಗಣಿ ಎಲ್ಲ ಒಮ್ಮೆಲೇ ನೀರಿನಡಿ ಹೋಗುತ್ತದೆ. ಅದು ಕೊಳೆತು ಪೋಷಕಾಂಶ ನೀರಿಗೆ ಬಿಡುತ್ತದೆ, ಪ್ಲವಕ, ಅಂದರೆ ನೀರಲ್ಲಿ ತೇಲಾಡುವ ಸೂಕ್ಷ್ಮ ಸಸ್ಯ-ಪ್ರಾಣಿಗಳು, ಹೆಚ್ಚುತ್ತದೆ, ಅದನ್ನು ತಿನ್ನುವ ಮೀನಿಗೆ ಕೆಲವು ವರ್ಷ ಸುಗ್ಗಿ. ಜೊತೆಗೇ ಕೊಳೆಯುವ ವಸ್ತು ಆಳದ ಆಮ್ಲಜನಕವನ್ನು ತಿಂದುಹಾಕುತ್ತದೆ. ಹೊಸ ಜಲಾಶಯಗಳ ಬಗ್ಗೆ ಪಠ್ಯದಲ್ಲಿ ಓದುವ ಈ ವಿದ್ಯಮಾನಕ್ಕೆ ನಮ್ಮ ಕಣ್ಣೆದುರೇ ಹೋಲಿಕೆ ಇದೆ. ಎಂಎಸ್ಸಿ, ಪಿಎಚ್‌ಡಿ ಮಾಡುವವರು ಇದನ್ನು ಕೈಗೆತ್ತಿಕೊಳ್ಳಲಿ ಅನ್ನುವುದು ನನ್ನ ಆಸೆ.

ಪದವಿಯಲ್ಲಿರುವ ನಿಮಗೆ ಬೇಕಾದದ್ದು ಚಿಕ್ಕ ಕೆರೆ. ಸುತ್ತ ನಡೆದು ಬರುವಷ್ಟು ಗಾತ್ರ, ವರ್ಷಪೂರ್ತಿ ಸ್ವಲ್ಪವಾದರೂ ನೀರು, ಬಸ್ಸೋ ಸೈಕಲ್ಲೋ ಹೋಗುವ ದಾರಿ, ಮೀನು ಹಿಡಿಯುವವರು ಬರುವ ಜಾಗ, ಈ ನಾಲ್ಕು ಇದ್ದರೆ ಸಾಕು. ದಾವಣಗೆರೆ ಕಡೆಯವರಿಗೆ ಕೊಂಡಜ್ಜಿ ಕೆರೆ, ಚಿತ್ರದುರ್ಗದವರಿಗೆ ಭೀಮಸಮುದ್ರ ಯೋಚಿಸಬಹುದಾದ ಹೆಸರುಗಳು. ಆದರೆ ನಿಮ್ಮ ಊರಿನ ಕೆರೆಯೇ ಎಲ್ಲಕ್ಕಿಂತ ಮೇಲು. ಅಲ್ಲಿ ನಿಮ್ಮನ್ನು ಗುರುತಿಸುವವರು ಇರುತ್ತಾರೆ, ಯಾವ ವರ್ಷ ಒಣಗಿತ್ತು, ಯಾವಾಗ ಹೂಳು ತೆಗೆದರು ಅಂತ ಹೇಳುವ ಹಿರಿಯರು ಇರುತ್ತಾರೆ. ಕುಂದವಾಡ ಕೆರೆ ಥರ ಊರಿಗೆ ಕುಡಿಯುವ ನೀರು ಕೊಡುವ ಕೆರೆ ಆರಿಸಿದರೆ ಮೊದಲೇ ಅನುಮತಿ ಕೇಳಿ, ನೀರಿಗೆ ಇಳಿಯಬೇಡಿ. ಕೆರೆ ನಮ್ಮ ಸೀಮೆಗೆ ಹೊಸದಲ್ಲ ನೋಡಿ. ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನ, ನಾಲ್ಕನೇ ಶತಮಾನದ್ದು, ಕೆರೆಯ ಬಗ್ಗೆಯೇ ಹೇಳುತ್ತದೆ.

ಆರಿಸಿದ ಮೇಲೆ ಕೆರೆ ಯಾರ ಕೈಯಲ್ಲಿದೆ ಅಂತ ವಿಚಾರಿಸಿ. ದೊಡ್ಡ ಕೆರೆಗಳ ಮೀನು ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತದೆ, ಚಿಕ್ಕವನ್ನು ಗ್ರಾಮ ಪಂಚಾಯಿತಿ. ಕೆಲವು ಕಡೆ ಮೀನುಗಾರರ ಸಹಕಾರ ಸಂಘ ಹಿಡಿದಿರುತ್ತದೆ, ಕೆಲವು ಕಡೆ ಒಬ್ಬ ಗುತ್ತಿಗೆದಾರ. ಕಾಲೇಜಿನಿಂದ ಒಂದು ಪತ್ರ ಬರೆಸಿಕೊಂಡು ಹೋಗಿ, ನೀರು ಮತ್ತು ಪ್ಲವಕ ತೆಗೆಯುತ್ತೇನೆ, ಮೀನು ಹಿಡಿಯುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿ. ಗುತ್ತಿಗೆ ಹಿಡಿದವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ, ಅವರಿಗೆ ಕಳ್ಳತನದ ಭಯ ಇರುವುದು ಸಹಜ ಅಲ್ವಾ.

ಸುರಕ್ಷತೆ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಒಬ್ಬರೇ ಹೋಗಬೇಡಿ. ಜೆಸಿಬಿಯಲ್ಲಿ ಹೂಳು, ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದ ಗುಂಡಿ ಇರುತ್ತದೆ, ನೀರು ತುಂಬಿದ ಮೇಲೆ ಏನೂ ಕಾಣಿಸುವುದಿಲ್ಲ. ತೆಪ್ಪ ಹತ್ತಿದರೆ ಲೈಫ್ ಜಾಕೆಟ್ ಹಾಕಿಕೊಳ್ಳಲೇಬೇಕು, ಈಜು ಬರುತ್ತದೆ ಅನ್ನುವ ಮಾತು ಬೇಡ. ಭದ್ರಾ ನಾಲೆಗೆ ಯಾವ ಕಾರಣಕ್ಕೂ ಇಳಿಯಬೇಡಿ, ಸೆಳೆತ ಜಾಸ್ತಿ, ದಡದ ಕಾಂಕ್ರೀಟ್ ಮೇಲೆ ಹಿಡಿತ ಸಿಗುವುದಿಲ್ಲ.

ಸಾಮಾನು

ಹೆಚ್ಚೇನೂ ಬೇಡ. ಥರ್ಮಾಮೀಟರ್, ಪಿಎಚ್ ಪೆನ್, ಬಿಒಡಿ ಬಾಟಲಿಗಳು (ಆಮ್ಲಜನಕ ಅಳೆಯಲು ನೀರು ತುಂಬಿಸುವ ಬಿರಡೆ ಇರುವ ಗಾಜಿನ ಬಾಟಲಿ), ಒಂದು ಪ್ಲವಕ ಬಲೆ, ಹತ್ತು ಲೀಟರ್ ಬಕೆಟ್, ಅಳತೆ ಪಟ್ಟಿ, ಡಿಜಿಟಲ್ ತಕ್ಕಡಿ, ರಟ್ಟಿನ ಬೈಂಡ್ ಇರುವ ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ನೀರು ಬಿದ್ದರೆ ಶಾಯಿ ಹರಡುತ್ತದೆ.

ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯುವ ಸೆಕ್ಕಿ ಡಿಸ್ಕ್ ನೀವೇ ಮಾಡಿಕೊಳ್ಳಬಹುದು. 20 ಸೆಂಟಿಮೀಟರ್ ಅಗಲದ ತಗಡಿನ ತಟ್ಟೆ ಕತ್ತರಿಸಿಕೊಂಡು ನಾಲ್ಕು ಭಾಗ ಮಾಡಿ, ಎದುರುಬದುರು ಭಾಗಕ್ಕೆ ಕಪ್ಪು, ಉಳಿದೆರಡಕ್ಕೆ ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಹಾಕಿ ಅಳತೆ ಗುರುತು ಮಾಡಿದ ಹಗ್ಗ ಕಟ್ಟಿ, ಕೆಳಗೆ ಭಾರ ತೂಗುಹಾಕಿ. ನೀರಿಗೆ ಇಳಿಸುವಾಗ ಎಷ್ಟು ಆಳದಲ್ಲಿ ಮಾಯವಾಗುತ್ತದೆ, ಮೇಲೆ ಎತ್ತುವಾಗ ಎಷ್ಟರಲ್ಲಿ ಮತ್ತೆ ಕಾಣುತ್ತದೆ, ಎರಡರ ಸರಾಸರಿಯೇ ಪಾರದರ್ಶಕತೆ. ಇಟಲಿಯ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಪ್ರಯೋಗಿಸಿದ ಉಪಾಯ ಇದು, ಇವತ್ತಿಗೂ ಇದರಷ್ಟು ಅಗ್ಗದ, ನಂಬಬಹುದಾದ ಸಾಧನ ಇನ್ನೊಂದಿಲ್ಲ. ಮೀನು ಸಾಕುವ ಹೊಂಡದಲ್ಲಿ ಪ್ಲವಕದ ಹಸಿರಿನಿಂದ ಸುಮಾರು 30–40 ಸೆಂಟಿಮೀಟರ್ ಬಂದರೆ ಒಳ್ಳೆಯದು ಅಂತಾರೆ. ಆದರೆ ನಮ್ಮ ಕೆರೆಗಳಲ್ಲಿ ಮೊದಲ ಮಳೆ ಆದಮೇಲೆ ಕೆಂಪು ಮಣ್ಣಿನ ಕದಡಿಗೂ ಅದೇ ಅಂಕಿ ಬರುತ್ತದೆ. ಹಾಗಾಗಿ ಅಂಕಿಯ ಪಕ್ಕದಲ್ಲಿ ನೀರಿನ ಬಣ್ಣವನ್ನೂ ತಪ್ಪದೆ ಬರೆಯಿರಿ.

ನೀರು ಅಳೆಯುವುದು, ಅದರಲ್ಲೂ ಆಮ್ಲಜನಕ

ತಿಂಗಳಿಗೆ ಎರಡು ಸಲ, ಪ್ರತಿ ಸಲವೂ ಅದೇ ಜಾಗಗಳು, ಅದೇ ಹೊತ್ತು. ಜಾಗ ಮೂರು ಇಟ್ಟುಕೊಳ್ಳಿ: ನೀರು ಒಳಗೆ ಬರುವ ಕಡೆ, ಏರಿಯ ಪಕ್ಕ ತೂಬಿನ ಹತ್ತಿರ, ಇನ್ನೊಂದು ಜನ ಬಟ್ಟೆ ಒಗೆಯುವ ಅಥವಾ ದನ ಇಳಿಯುವ ಕಡೆ. ತಾಪಮಾನ, ಪಿಎಚ್, ಪಾರದರ್ಶಕತೆ, ಕರಗಿದ ಆಮ್ಲಜನಕ, ಕ್ಷಾರತೆ, ಗಡಸುತನ ಇಷ್ಟು ಸಾಕು. ನೈಟ್ರೇಟ್, ಫಾಸ್ಫೇಟ್ ಮಾಡಲು ಕಾಲೇಜಿನಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಸೇರಿಸಿಕೊಳ್ಳಿ.

ಇವುಗಳಲ್ಲಿ ಆಮ್ಲಜನಕ ಒಂದನ್ನು ಚೆನ್ನಾಗಿ ಕಲಿತರೆ ಕೆರೆಯ ಅರ್ಧ ಗುಟ್ಟು ಸಿಕ್ಕಿದ ಹಾಗೆ. ವಿಂಕ್ಲರ್ ವಿಧಾನ 1888ರದ್ದು, ಈಗಲೂ ಮೀಟರ್‌ಗಳನ್ನು ಸರಿ ನೋಡುವುದು ಇದರಿಂದಲೇ. ಬಾಟಲಿಯನ್ನು ನೀರಿನೊಳಗೆ ಓರೆಯಾಗಿ ಮುಳುಗಿಸಿ, ಗುಳ್ಳೆ ಬಾರದ ಹಾಗೆ ನಿಧಾನಕ್ಕೆ ತುಂಬಿಸಿ. ಗುಳ್ಳೆ ಒಂದು ಸಿಕ್ಕಿದರೂ ಗಾಳಿಯ ಆಮ್ಲಜನಕ ಸೇರಿ ಲೆಕ್ಕ ಕೆಡುತ್ತದೆ. 300 ಮಿಲಿ ಬಾಟಲಿಗೆ ಮ್ಯಾಂಗನಸ್ ಸಲ್ಫೇಟ್ 2 ಮಿಲಿ, ಕ್ಷಾರೀಯ ಅಯೋಡೈಡ್ 2 ಮಿಲಿ ಹಾಕಿ. ಪಿಪೆಟ್ ತುದಿ ನೀರಿನೊಳಗೇ ಇರಬೇಕು. ಬಿರಡೆ ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿ. ಕಂದು ಬಣ್ಣದ ಗಸಿ ಬಂದರೆ ಆಮ್ಲಜನಕ ಇದೆ, ಬೆಳ್ಳಗೇ ಉಳಿದರೆ ಇಲ್ಲ. ಕೆರೆ ದಡದಲ್ಲಿ ನಿಂತೇ ಇಷ್ಟು ಗೊತ್ತಾಗುತ್ತದೆ. ಆಮೇಲೆ ಗಾಢ ಸಲ್ಫ್ಯೂರಿಕ್ ಆಮ್ಲ 2 ಮಿಲಿ ಹಾಕಿದರೆ ಗಸಿ ಕರಗಿ ಹಳದಿ ಆಗುತ್ತದೆ. ಆಮ್ಲ ಹಾಕುವಾಗ ಕೈಗವಸು, ಕನ್ನಡಕ ಇರಲಿ. ಬಾಟಲಿಯನ್ನು ಕತ್ತಲಲ್ಲಿಟ್ಟು ಕಾಲೇಜಿಗೆ ತಂದು, ಅದೇ ದಿನ 200 ಮಿಲಿ ತೆಗೆದುಕೊಂಡು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ. ಹಳದಿ ತೆಳುವಾದಾಗ ಸ್ಟಾರ್ಚ್ ಹಾಕಿ, ನೀಲಿ ಬರುತ್ತದೆ, ನೀಲಿ ಹೋಗುವವರೆಗೆ ಮುಂದುವರಿಸಿ. ಈ ಅಳತೆಯಲ್ಲಿ ಖರ್ಚಾದ ಥಯೋಸಲ್ಫೇಟ್ ಎಷ್ಟು ಮಿಲಿಯೋ, ಆಮ್ಲಜನಕ ಲೀಟರಿಗೆ ಅಷ್ಟೇ ಮಿಲಿಗ್ರಾಂ.

ಬಂದ ಅಂಕಿಯನ್ನು ಅರ್ಥ ಮಾಡಿಕೊಳ್ಳುವುದು ಮುಖ್ಯ. ಸಮುದ್ರಮಟ್ಟದಲ್ಲಿ 25 ಡಿಗ್ರಿ ತಾಪಮಾನದ ಸಿಹಿನೀರು ಗಾಳಿಯಿಂದ ಹಿಡಿದುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, 30 ಡಿಗ್ರಿಗೆ 7.5. ನಮ್ಮ ಊರುಗಳು ಎತ್ತರದಲ್ಲಿರುವುದರಿಂದ ಇನ್ನೂ ಸ್ವಲ್ಪ ಕಡಿಮೆ. ಆದರೆ ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಇದಕ್ಕಿಂತ ತುಂಬಾ ಜಾಸ್ತಿ ಬರಬಹುದು. ಪಾಚಿ ಬಿಸಿಲಲ್ಲಿ ಆಮ್ಲಜನಕ ತಯಾರಿಸುತ್ತಿರುತ್ತದೆ, ಗಾಳಿಗೆ ಹೋಗುವ ಮೊದಲೇ ನೀರಲ್ಲಿ ತುಂಬಿಕೊಳ್ಳುತ್ತದೆ. ರಾತ್ರಿ ಅದೇ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲ ಸೇರಿ ಉಸಿರಾಡಿ ಖಾಲಿ ಮಾಡುತ್ತವೆ. ಬೆಳಗಿನ ಜಾವ ಸೂರ್ಯ ಹುಟ್ಟುವ ಮೊದಲು ಅತಿ ಕಡಿಮೆ. ಗೆಂಡೆ (ಕಾಟ್ಲಾ, ರೋಹು ಥರದ ಕಾರ್ಪ್) ಮೀನುಗಳಿಗೆ 5 ಮಿಲಿಗ್ರಾಂ ಮೇಲಿದ್ದರೆ ನೆಮ್ಮದಿ, 3ಕ್ಕಿಂತ ಕೆಳಗೆ ಹೋದರೆ ಕಷ್ಟ. ಎರಡು-ಮೂರು ದಿನ ಮೋಡ ಮುಸುಕಿ, ಗಾಳಿಯೂ ಬೀಸದೆ ಇದ್ದಾಗ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ತೆರೆಯುವುದು, ಕೆಲವೊಮ್ಮೆ ರಾಶಿಗಟ್ಟಲೆ ಸಾಯುವುದು ಇದರಿಂದಲೇ. "ಯಾರೋ ವಿಷ ಹಾಕಿದರು" ಅಂತ ಊರಲ್ಲಿ ಜಗಳ ಏಳುತ್ತದೆ. ವಿಷ ಹಾಕುವ ಪ್ರಕರಣಗಳೂ ಇರುತ್ತವೆ, ಆದರೆ ಜಗಳಕ್ಕೆ ಮೊದಲು ಆಮ್ಲಜನಕ ಅಳೆಯಬೇಕು.

ಆದ್ದರಿಂದ ವರ್ಷದಲ್ಲಿ ಕೆಲವು ಸಲವಾದರೂ, ಬೇಸಿಗೆಗೆ ಒಮ್ಮೆ, ಮಳೆಗಾಲಕ್ಕೆ ಒಮ್ಮೆ, ಚಳಿಗಾಲಕ್ಕೆ ಒಮ್ಮೆ, ಇಡೀ 24 ಗಂಟೆ ಅಳೆಯಿರಿ. ಮೂರು ಗಂಟೆಗೊಂದು ಬಾಟಲಿ. ಗೆಳೆಯರನ್ನು ಕರೆದುಕೊಳ್ಳಿ, ಮನೆಯಲ್ಲಿ ಹೇಳಿ, ಮೀನುಗಾರರೊಬ್ಬರು ಜೊತೆಗಿರುವ ಹಾಗೆ ನೋಡಿಕೊಳ್ಳಿ. ಆ ಒಂದು ಗ್ರಾಫ್ ನಿಮ್ಮ ಪ್ರಾಜೆಕ್ಟ್‌ನ ಜೀವಾಳ ಆಗುತ್ತದೆ.

ಪಿಎಚ್ ಕೂಡ ಇದರ ಜೊತೆಗೇ ಏರಿಳಿಯುತ್ತದೆ. ಹಗಲು ಪಾಚಿ ಇಂಗಾಲದ ಡೈ ಆಕ್ಸೈಡ್ ಎಳೆದುಕೊಂಡಾಗ ಪಿಎಚ್ ಏರುತ್ತದೆ, ರಾತ್ರಿ ಇಳಿಯುತ್ತದೆ. ಬಯಲುಸೀಮೆಯ ನೀರಿನಲ್ಲಿ ಕ್ಷಾರತೆ ಸಾಮಾನ್ಯವಾಗಿ ಹೆಚ್ಚು, ಅದು ಈ ಏರಿಳಿತವನ್ನು ತಡೆದು ನಿಲ್ಲಿಸುತ್ತದೆ.

ಪ್ಲವಕ

ನೂರು ಲೀಟರ್ ನೀರನ್ನು ಬಕೆಟ್‌ನಲ್ಲಿ ಎತ್ತಿ ಬಲೆಯ ಮೂಲಕ ಸುರಿಯಿರಿ, ಬಲೆಯ ತುದಿಯ ಬಾಟಲಿಯಲ್ಲಿ ಉಳಿದದ್ದನ್ನು 50 ಮಿಲಿ ಮಾಡಿಕೊಳ್ಳಿ. ಕೆಡದಂತೆ ಇಡಲು ಪ್ರಾಣಿಪ್ಲವಕಕ್ಕೆ ನಾಲ್ಕೈದು ಪರ್ಸೆಂಟ್ ಫಾರ್ಮಲಿನ್, ಸಸ್ಯಪ್ಲವಕಕ್ಕೆ ಲ್ಯೂಗಾಲ್ ಅಯೋಡಿನ್. ಫಾರ್ಮಲಿನ್ ಹೊಗೆ ಕಣ್ಣಿಗೆ, ಶ್ವಾಸಕ್ಕೆ ಕೆಟ್ಟದ್ದು, ಕಿಟಕಿ ತೆರೆದಿಟ್ಟೇ ಬಳಸಿ. ಎಣಿಸಲು ಸೆಡ್ಜ್‌ವಿಕ್ ರಾಫ್ಟರ್ ಕೋಶ ಬೇಕು, ಅದರಲ್ಲಿ ಸರಿಯಾಗಿ 1 ಮಿಲಿ ಹಿಡಿಯುತ್ತದೆ. ಉದಾಹರಣೆಗೆ 1 ಮಿಲಿಯಲ್ಲಿ 120 ಜೀವಿ ಸಿಕ್ಕರೆ 50 ಮಿಲಿಯಲ್ಲಿ 6000, ಅದು ಬಂದದ್ದು ನೂರು ಲೀಟರಿನಿಂದ, ಹಾಗಾದರೆ ಲೀಟರಿಗೆ 60.

ಮೊದಲ ದಿನವೇ ಪ್ರಭೇದ ಗುರುತಿಸಲು ಹೋಗಬೇಡಿ. ಪ್ರಾಣಿಪ್ಲವಕವನ್ನು ರೋಟಿಫರ್, ಕ್ಲಾಡೊಸೆರಾ, ಕೊಪೆಪಾಡ್ ಅಂತ ಮೂರು ಗುಂಪು ಮಾಡಿ. ಆಮೇಲೆ ಬ್ರಾಕಿಯೋನಸ್, ಕೆರಟೆಲ್ಲಾ, ಮೊಯಿನಾ, ಸೈಕ್ಲಾಪ್ಸ್ ಇವು ತಾವಾಗಿಯೇ ಕಣ್ಣಿಗೆ ಪರಿಚಯ ಆಗುತ್ತವೆ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿದ್ದರೆ ಅದು ಬಹುತೇಕ ಮೈಕ್ರೋಸಿಸ್ಟಿಸ್ ಅನ್ನುವ ನೀಲಿ-ಹಸಿರು ಪಾಚಿ. ಚರಂಡಿ ನೀರು ಸೇರುವ ಕೆರೆಯ ಲಕ್ಷಣ ಅದು. ಅಂಥ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಕೆಲವು ತಳಿಗಳು ಯಕೃತ್ತಿಗೆ ವಿಷ ಆಗುವ ವಸ್ತು ತಯಾರಿಸುತ್ತವೆ.

ಮೀನು: ಮಾರ್ಕೆಟ್ಟೇ ನಿಮ್ಮ ಲ್ಯಾಬ್

ಯುಜಿಸಿ 2014ರಲ್ಲಿ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಲು ಹೇಳಿತು. ಅದರಿಂದ ಮೀನಿನ ಒಳರಚನೆ ಕಲಿಯಲು ದಾರಿ ಇಲ್ಲ ಅಂತ ತಿಳಿಯಬೇಡಿ. ಬೆಳಿಗ್ಗೆ ಬೇಗ ಮೀನು ಮಾರುವ ಜಾಗಕ್ಕೆ ಹೋಗಿ. ಹೇಗೂ ಗಿರಾಕಿಗಾಗಿ ಮೀನು ಕೊಯ್ಯುತ್ತಾರೆ, ಕರುಳು, ಮೊಟ್ಟೆ, ಕಿವಿರು ಎಸೆಯುತ್ತಾರೆ. "ಅಕ್ಕಾ, ಕೊಯ್ಯುವ ಮೊದಲು ಒಂದು ನಿಮಿಷ ಅಳತೆ ತಗೊಳ್ಳಲಾ, ಆಮೇಲೆ ಹೊಟ್ಟೆ ಒಳಗಿನದ್ದು ಈ ಕವರ್‌ಗೆ ಹಾಕಿ ಕೊಡ್ತೀರಾ" ಅಂತ ಕೇಳಿ. ವ್ಯಾಪಾರದ ಗಡಿಬಿಡಿ ಇಲ್ಲದಾಗ ಕೇಳಿದರೆ ಬೇಡ ಅನ್ನುವವರು ಕಡಿಮೆ. ಆಗಾಗ ಅವರಲ್ಲೇ ಮೀನು ಕೊಳ್ಳುವುದು ಒಳ್ಳೆಯದು. ಆದರೆ ಮೀನು ಯಾವ ನೀರಿನದು ಅಂತ ಕೇಳದೆ ಅಳತೆ ಬರೆಯಬೇಡಿ. ಆಂಧ್ರದಿಂದ ಐಸ್‌ನಲ್ಲಿ ಬಂದ ಕಾಟ್ಲಾವನ್ನು ನಿಮ್ಮ ಕೆರೆಯ ಲೆಕ್ಕಕ್ಕೆ ಸೇರಿಸಿದರೆ ಎಲ್ಲ ವ್ಯರ್ಥ. ನಿಮ್ಮ ಕೆರೆಯ ಮೀನು ಬೇಕೆಂದರೆ ಬಲೆ ಎಳೆಯುವ ದಿನ ದಡಕ್ಕೇ ಹೋಗಬೇಕು.

ಮೊದಲು ಮೂರು ಭಾರತೀಯ ಗೆಂಡೆಗಳನ್ನು ಬೇರೆ ಮಾಡಲು ಕಲಿಯಿರಿ. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲಕ್ಕೆ ತಿರುಗಿದೆ, ಮೀಸೆ ಇಲ್ಲ, ಮೇಲ್ಪದರದಲ್ಲಿ ಪ್ರಾಣಿಪ್ಲವಕ ತಿನ್ನುತ್ತದೆ. ರೋಹುವಿನ ತುಟಿ ದಪ್ಪ, ಅಂಚು ಜಾಲರಿಯಂತೆ ಇರುತ್ತದೆ, ನಡುನೀರಿನ ಮೀನು. ಮೃಗಾಲ್‌ನ ಬಾಯಿ ಕೆಳಗಡೆ, ತಳದ ಕೊಳೆತ ಪದಾರ್ಥ ತಿನ್ನುತ್ತದೆ. ಒಂದೇ ಕೆರೆಗೆ ಮೂರನ್ನೂ ಬಿಡುವ ಕಾರಣ ಇದೇ, ಒಂದರ ಊಟಕ್ಕೆ ಇನ್ನೊಂದು ಬರುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಕಾಟ್ಲಾ ಕಾಟ್ಲಾ ಅಂತ ಇರುವುದು ಈಗ ಲೇಬಿಯೋ ಕಾಟ್ಲಾ ಆಗಿದೆ, ಫಿಶ್‌ಬೇಸ್ ಜಾಲತಾಣದಲ್ಲಿ ಈಗಿನ ಹೆಸರು ನೋಡಿಕೊಂಡು ಬರೆಯಿರಿ. ಈ ಮೂರೂ ಮೂಲತಃ ಗಂಗಾ ನದಿ ಕಡೆಯ ಮೀನುಗಳು, ನಮ್ಮ ಕೆರೆಗಳಿಗೆ ತಂದು ಬಿಟ್ಟವು.

ನಮ್ಮದೇ ಅನ್ನುವ ಮೀನುಗಳು ಬೇರೆ ಇವೆ: ಕೊರವ, ಬಾಳೆ ಮೀನು, ಗಿರ್ಲು, ಚೇಳು ಮೀನು, ಹಾವು ಮೀನು, ಚಿಕ್ಕ ಪಕ್ಕೆಗಳು. ಮಾರುಕಟ್ಟೆ ಬೆಲೆ ಇಲ್ಲದ ಚಿಕ್ಕ ಮೀನುಗಳನ್ನು ಯಾರೂ ದಾಖಲಿಸುವುದಿಲ್ಲ. ನೀವು ಮಾಡಿ. ಪ್ರತಿ ಮೀನಿನ ಫೋಟೋ ಅಳತೆ ಪಟ್ಟಿಯ ಪಕ್ಕ ಇಟ್ಟು ತೆಗೆಯಿರಿ, ಬೆನ್ನಿನ ಈಜುರೆಕ್ಕೆಯ ಕಡ್ಡಿಗಳು, ಪಾರ್ಶ್ವರೇಖೆಯ ಹುರುಪೆಗಳು, ಮೀಸೆಗಳು ಎಷ್ಟು ಅಂತ ಎಣಿಸಿ, ಸ್ಥಳೀಯ ಹೆಸರು ಕೇಳಿ ಬರೆಯಿರಿ. ಕೊರವ, ಚೇಳು ಮೀನುಗಳ ಕಿವಿರಿನ ಮೇಲ್ಭಾಗವನ್ನು ಗಮನಿಸಿ ನೋಡಿ. ಗಾಳಿಯಿಂದಲೇ ಉಸಿರಾಡಲು ಅವಕ್ಕೆ ಪ್ರತ್ಯೇಕ ಅಂಗ ಇದೆ. ಏಪ್ರಿಲ್-ಮೇನಲ್ಲಿ ಕೆರೆ ಬತ್ತಿ ಕೆಸರಾದಾಗ ಗೆಂಡೆ ಸತ್ತರೂ ಕೊರವ ಉಳಿಯುವುದು ಹೀಗೆ. ನಿಮ್ಮ ಆಮ್ಲಜನಕದ ಅಂಕಿಗಳ ಜೊತೆ ಇದನ್ನು ಇಟ್ಟು ನೋಡಿದರೆ ಎರಡೂ ಒಟ್ಟಿಗೆ ಅರ್ಥವಾಗುತ್ತವೆ.

ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಎಷ್ಟು ಇದೆ ಅಂತ ಪ್ರತ್ಯೇಕ ಲೆಕ್ಕ ಇಡಿ. ಮೊಜಾಂಬಿಕ್ ತಿಲಾಪಿಯಾ 1952ರಲ್ಲಿ ದೇಶಕ್ಕೆ ಬಂತು. ತಾಯಿ ಮೊಟ್ಟೆ, ಮರಿಗಳನ್ನು ಬಾಯಲ್ಲೇ ಕಾಪಾಡುತ್ತದೆ, ಅದರಿಂದ ಬಹಳ ಬೇಗ ಹೆಚ್ಚುತ್ತದೆ, ಬೇರೆ ಮೀನಿನ ಜಾಗ ತಿಂದುಕೊಳ್ಳುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ದೇಶದಲ್ಲಿ ನಿಷೇಧ, ಕೆರೆಯಲ್ಲಿ ಕಂಡರೆ ಇಲಾಖೆಗೆ ತಿಳಿಸಿ.

ಅಳತೆಗೆ ಬರೋಣ. ಪ್ರತಿ ಮೀನಿನ ಒಟ್ಟು ಉದ್ದ, ಬಾಲದ ರೆಕ್ಕೆ ಬಿಟ್ಟ ಉದ್ದ, ತೂಕ ಬರೆಯಿರಿ. ಮೀನು ಎಷ್ಟು ಮೈತುಂಬಿಕೊಂಡಿದೆ ಅಂತ ಹೇಳುವ ಸ್ಥಿತಿ ಸೂಚ್ಯಂಕ ಲೆಕ್ಕ ಹಾಕುವುದು ಸುಲಭ: ತೂಕವನ್ನು 100ರಿಂದ ಗುಣಿಸಿ, ಉದ್ದದ ಘನದಿಂದ ಭಾಗಿಸಿ. 30 ಸೆಂಟಿಮೀಟರ್ ಉದ್ದ, 400 ಗ್ರಾಂ ತೂಕದ ಮೀನಿಗೆ 1.48 ಬರುತ್ತದೆ. ಒಂದೇ ಪ್ರಭೇದದಲ್ಲಿ ಈ ಅಂಕಿ ತಿಂಗಳಿಂದ ತಿಂಗಳಿಗೆ ಇಳಿದರೆ ಮೀನು ಸೊರಗಿದೆ ಅಂತ ಅರ್ಥ, ಇಲ್ಲಾ ಮೊಟ್ಟೆ ಇಟ್ಟು ಹಗುರಾಗಿದೆ. ಯಾವುದು ಅಂತ ತಿಳಿಯಲು ಮೊಟ್ಟೆ ಚೀಲದ ತೂಕ ಬೇಕು, ಅದಕ್ಕೇ ಮಾರ್ಕೆಟ್ಟಿನ ಆ ಕವರ್. ಉದ್ದ-ತೂಕದ ಸಂಬಂಧವನ್ನು ಲಾಗ್ ಗ್ರಾಫ್ ಹಾಕಿ ನೋಡಿದರೆ ಬರುವ ಘಾತ 3ರ ಹತ್ತಿರ ಇದ್ದರೆ ಮೀನು ಉದ್ದ, ಅಗಲ, ದಪ್ಪ ಎಲ್ಲ ಕಡೆ ಸಮನಾಗಿ ಬೆಳೆಯುತ್ತಿದೆ. ಒಂದೇ ಗಾತ್ರದ ಮೀನುಗಳನ್ನೇ ಆರಿಸಿಕೊಂಡರೆ ಈ ಗ್ರಾಫ್ ಸುಳ್ಳು ಹೇಳುತ್ತದೆ, ಚಿಕ್ಕದು-ದೊಡ್ಡದು ಎಲ್ಲ ಇರಲಿ.

ಮಳೆಗಾಲದಲ್ಲಿ ಹ್ಯಾಚರಿಗೆ ಹೋಗಿ

ಕಾಟ್ಲಾ, ರೋಹು, ಮೃಗಾಲ್ ಕೆರೆಯಲ್ಲಿ ಬೆಳೆದು ಪ್ರಾಯಕ್ಕೆ ಬಂದರೂ ನಿಂತ ನೀರಲ್ಲಿ ಮೊಟ್ಟೆ ಇಡುವುದಿಲ್ಲ, ಅವಕ್ಕೆ ಹೊಳೆಯ ಪ್ರವಾಹ ಬೇಕು. ಅದಕ್ಕೇ ಪ್ರತಿ ವರ್ಷ ಮರಿ ತಂದು ಬಿಡಬೇಕು. ಈ ಸಮಸ್ಯೆಗೆ ದಾರಿ ತೋರಿಸಿದ್ದು ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಈಗ ಹೆಚ್ಚಾಗಿ ಬಳಸುವುದು ಓವಾಪ್ರಿಮ್ ಥರದ ತಯಾರಾದ ಹಾರ್ಮೋನು.

ನಮಗೆ ಹತ್ತಿರದ್ದು ಭದ್ರಾ ಅಣೆಕಟ್ಟಿನ ಬಳಿ ಬಿಆರ್‌ಪಿಯಲ್ಲಿರುವ ಇಲಾಖೆಯ ಮೀನುಮರಿ ಕೇಂದ್ರ. ಜೂನ್‌ನಿಂದ ಆಗಸ್ಟ್ ಒಳಗೆ ಹೋಗಬೇಕು, ಬೇಸಿಗೆಯಲ್ಲಿ ಹೋದರೆ ಖಾಲಿ ತೊಟ್ಟಿ ನೋಡಿಕೊಂಡು ಬರಬೇಕಾಗುತ್ತದೆ. ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿ, ಸಂಜೆ ಚುಚ್ಚುಮದ್ದು ಕೊಡುವ ಹೊತ್ತಿಗೆ ಇರಲು ಅವಕಾಶ ಕೇಳಿ. ಮೊಟ್ಟೆ 14ರಿಂದ 18 ಗಂಟೆಯಲ್ಲಿ ಒಡೆಯುತ್ತದೆ, ಹಾಗಾಗಿ ಮಾರನೆಯ ದಿನವೂ ಅಲ್ಲಿರಬೇಕು. ದುಂಡು ತೊಟ್ಟಿಯಲ್ಲಿ ನೀರು ಸುತ್ತುತ್ತಾ ಮೊಟ್ಟೆಗಳನ್ನು ತೇಲಿಸಿಡುವುದನ್ನು ಕಣ್ಣಾರೆ ನೋಡಿದರೆ ಪುಸ್ತಕದ ಚಿತ್ರ ಮತ್ತೆ ನೋಡಬೇಕಾಗುವುದಿಲ್ಲ. ಹುಟ್ಟಿದ ಮರಿ ಸುಮಾರು ಮೂರು ದಿನ ತನ್ನ ಹಳದಿ ಚೀಲದ ಆಹಾರದಲ್ಲೇ ಇರುತ್ತದೆ, ಆಮೇಲೆ ಅದಕ್ಕೆ ಮೊದಲು ಬೇಕಾಗುವುದು ರೋಟಿಫರ್. ನೀವು ಎಣಿಸುತ್ತಿದ್ದ ಅದೇ ಬ್ರಾಕಿಯೋನಸ್.

ಸಾಮಾನ್ಯ ಗೆಂಡೆ ಮಾತ್ರ ಬೇರೆ ಥರ, ನಿಂತ ನೀರಲ್ಲೇ ಗಿಡಗಳಿಗೆ ಅಂಟುವ ಮೊಟ್ಟೆ ಇಡುತ್ತದೆ. ನಿಮ್ಮ ಕೆರೆಯ ಅಂಚಿನ ಜೊಂಡಿನಲ್ಲಿ ಹುಡುಕಿ ನೋಡಿ.

ಡಿಗ್ರಿ ಆದ ಮೇಲೆ

ಕೊನೆಯ ವರ್ಷದ ಆರಂಭದಲ್ಲೇ ಅರ್ಜಿಗಳ ಕಡೆ ಗಮನ ಇರಲಿ. ಬಿಎಸ್ಸಿಯವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರ ಇದೆ, ಭದ್ರಾ ಜಲಾಶಯ ಪಕ್ಕದಲ್ಲೇ. ಸಮುದ್ರದ ಕಡೆ ಮನಸ್ಸಾದರೆ ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಇದೆ. ಬಿಎಫ್‌ಎಸ್ಸಿಯವರು ಮುಂಬಯಿಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಗೆ ಐಸಿಎಆರ್ ಪ್ರವೇಶ ಪರೀಕ್ಷೆ ಬರೆಯಬಹುದು. ಒಳನಾಡು ಮೀನುಗಾರಿಕೆಗೆ ಬ್ಯಾರಕ್‌ಪುರದ ಸಂಸ್ಥೆ, ಸಿಹಿನೀರು ಸಾಕಣೆಗೆ ಭುವನೇಶ್ವರದ ಸಂಸ್ಥೆ ದೇಶಕ್ಕೆ ಮುಖ್ಯ. ಅವುಗಳ ಪ್ರಾದೇಶಿಕ ಕೇಂದ್ರಗಳು ಬೆಂಗಳೂರಿನಲ್ಲಿವೆ, ಬೇಸಿಗೆ ರಜೆಯಲ್ಲಿ ತರಬೇತಿಗೆ ಕೇಳಿ ಪತ್ರ ಬರೆಯಿರಿ. ಬರೆಯುವಾಗ "ನನಗೆ ಆಸಕ್ತಿ ಇದೆ" ಅಂತ ಸುಮ್ನೆ ಹೇಳುವ ಬದಲು ನಿಮ್ಮ ಕೆರೆಯ ಒಂದು ವರ್ಷದ ಪಟ್ಟಿ ಜೊತೆಗಿಡಿ.

ಬರೆದು ಮುಗಿಸುವುದು

ವರದಿಯಲ್ಲಿ ಎಲ್ಲ ಅಂಕಿಗಳನ್ನೂ ಕೊಡಿ, ಚೆನ್ನಾಗಿ ಬಂದವನ್ನು ಮಾತ್ರ ಅಲ್ಲ. ಹೋಗಲಾಗದ ತಿಂಗಳು ಖಾಲಿ ಬಿಡಿ, ಅಂದಾಜು ತುಂಬಿಸಬೇಡಿ. ಬೇರೆ ಊರಿನ ಕೆರೆಯ ವರದಿಯಿಂದ ಪೀಠಿಕೆ ನಕಲು ಮಾಡುವ ಚಾಳಿ ನಮ್ಮ ಪ್ರಾಜೆಕ್ಟ್‌ಗಳಲ್ಲಿ ಬಹಳ ಇದೆ, ಅದು ಬೇಡವೇ ಬೇಡ. ನಿಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಏರಿ ಎಷ್ಟು ಉದ್ದ, ಯಾವ ಬೆಳೆಗೆ ನೀರು ಹೋಗುತ್ತದೆ, ಯಾರು ಮೀನು ಹಿಡಿಯುತ್ತಾರೆ, ಬೀಸು ಬಲೆಯೋ ಎಳೆ ಬಲೆಯೋ, ಇದೇ ನಿಮ್ಮ ಪೀಠಿಕೆ.

ಆಮೇಲೆ ಅದೇ ವಿಷಯವನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ ಮೀನುಗಾರರ ಸಂಘಕ್ಕೋ, ಗುತ್ತಿಗೆ ಹಿಡಿದವರಿಗೋ, ಪಂಚಾಯಿತಿಗೋ ಕೊಡಿ. ಯಾವ ತಿಂಗಳು ಬೆಳಗಿನ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯಿತು, ಯಾವಾಗ ಪ್ಲವಕ ಹೆಚ್ಚಿತ್ತು, ಜಿಲೇಬಿ ಪಾಲು ಎಷ್ಟು, ಯಾವ ಕಡೆಯಿಂದ ಚರಂಡಿ ನೀರು ಸೇರುತ್ತಿದೆ, ಇಷ್ಟು ಸಾಕು. ಮರಿ ಬಿಡುವ ತಿಂಗಳು, ಮೀನು ಬೇಗ ಹಿಡಿದುಬಿಡಬೇಕಾದ ತಿಂಗಳು ಅವರು ಇದರಿಂದ ತೀರ್ಮಾನ ಮಾಡಬಹುದು. ಮೂಲ ನೋಟ್‌ಬುಕ್ಕಿನ ಜೆರಾಕ್ಸ್ ಒಂದನ್ನು ವಿಭಾಗದಲ್ಲಿ ಇಟ್ಟು, ಮುಂದಿನ ಬ್ಯಾಚಿನವರು ಅದೇ ಕೆರೆಯನ್ನು, ಅದೇ ಮೂರು ಜಾಗದಲ್ಲಿ ಮುಂದುವರಿಸಲಿ ಅಂತ ಮೇಷ್ಟ್ರಿಗೆ ಹೇಳಿ.